ಸಹಾಯ ಬೇಕು: ಸುಪ್ರಾ ಡೈನೋ ಶೀಟ್‌ನಲ್ಲಿ ಯಾವ ನಂಬರ್ ನಂಬೋದು?

ಡೈನೋ (ಗಾಡಿ ಪವರ್ ಅಳೆಯೋ ಮೆಷಿನ್) ಬಗ್ಗೆ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ತಲೆ ಕೆಟ್ಟೋಗಿದೆ. ನಾನಿರೋದು ಡೆನ್ವರ್‌ನಲ್ಲಿ, 2020ರ ಟೊಯೋಟಾ ಸುಪ್ರಾ 3.0 ಸೆಕೆಂಡ್ ಹ್ಯಾಂಡ್ ನೋಡ್ತಿದೀನಿ. ಮಾರೋನು ಟ್ಯೂನ್ ಮಾಡ್ಸಿದೀನಿ (ಪವರ್ ಜಾಸ್ತಿ ಬರೋ ಹಾಗೆ ಇಂಜಿನ್ ಸೆಟ್ಟಿಂಗ್ ಬದಲಾಯಿಸೋದು), ವೀಲ್‌ನಲ್ಲೇ 396 ಹಾರ್ಸ್‌ಪವರ್ ಬರುತ್ತೆ ಅಂತ ಶೀಟ್ ಫೋಟೋ ಕಳ್ಸಿದ.

ಝೂಮ್ ಮಾಡಿದ್ರೆ ಮೂಲೇಲಿ ಸಣ್ಣಕ್ಷರದಲ್ಲಿ ಎಸ್‌ಎಇ ಕರೆಕ್ಷನ್ (ಹವಾಮಾನ, ಎತ್ತರಕ್ಕೆ ತಕ್ಕಂಗೆ ಅಳತೆನ ಗುಣಿಸಿ ಸರಿಮಾಡೋ ಲೆಕ್ಕ) 1.20 ಅಂತಿದೆ, ಅಂದ್ರೆ ಮೆಷಿನ್ ನಿಜಕ್ಕೂ ಅಳೆದಿದ್ದು 330. ಇಲ್ಲಿ ಎತ್ತರ 1,600 ಮೀಟರ್, ಗಾಳಿ ತೆಳು, ಅದಕ್ಕೆ ಗುಣಿಸ್ತಾರೆ, ಒಪ್ಕೊಂಡೆ. ಆದ್ರೆ ಈ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೋ ಇದೆ, ಅದು ಇನ್ನೂ ಜೋರಾಗಿ ತಿರುಗಿ ಆ ಕೊರತೇನ ಸುಮಾರಾಗಿ ತಾನೇ ತುಂಬ್ಕೊಳುತ್ತಲ್ವಾ, ಅದ್ರ ಮೇಲೆ ಮತ್ತೆ 20 ಪರ್ಸೆಂಟ್ ಸೇರಿಸಿದ್ರೆ ಎರಡು ಸಲ ಲೆಕ್ಕ ಹಾಕ್ದಂಗೆ ಆಗಲ್ವಾ?

ಕಂಪನಿ ನಂಬರ್‌ಗೆ ಹೋಲಿಸೋಣ ಅಂದ್ರೆ ಅದು ಇನ್ನೊಂದು ಗೋಳು. ಟೊಯೋಟಾ ಹೇಳಿದ್ದು ಕ್ರ್ಯಾಂಕ್‌ನಲ್ಲಿ (ಅಂದ್ರೆ ಇಂಜಿನ್‌ನಲ್ಲೇ) 335, ವೀಲ್ ಮುಟ್ಟೋದ್ರೊಳಗೆ ನಷ್ಟ ಆಗುತ್ತೆ ಅಂತ ಎಲ್ರೂ ಹೇಳೋ 15 ಪರ್ಸೆಂಟ್ ಕಳೆದ್ರೆ ವೀಲ್‌ಗೆ 285 ಬರ್ಬೇಕು, ಆದ್ರೆ ಕಾರ್ ಅಂಡ್ ಡ್ರೈವರ್ ಪತ್ರಿಕೆಯೋರು ಸ್ಟಾಕ್ (ಏನೂ ಬದಲಾಯಿಸದ) ಗಾಡೀನೇ ಡೈನೋಗೆ ಹಾಕಿದಾಗ ವೀಲ್‌ನಲ್ಲಿ 339 ಬಂದಿತ್ತು! (ಕಮ್ಮಿ ಹೇಳಿ ಜಾಸ್ತಿ ಕೊಡೋದು ಒಳ್ಳೇದೇ ಬಿಡಿ, ಆದ್ರೆ ನನ್ನಂಥೋರ ಲೆಕ್ಕ ಹಾಳಾಗುತ್ತೆ.)

ಕರೆಕ್ಷನ್ ತೆಗೆದು ಪ್ರಿಂಟ್ ಕೊಡಿ ಅಂತ ಡೈನೋ ಶಾಪ್‌ನಲ್ಲೂ ಕೇಳ್ದೆ, ಎಲ್ರಿಗೂ ಹಿಂಗೇ ಕೊಡೋದು ಅಂದ್ರು.

ಈ ಎತ್ತರದಲ್ಲಿ ಕರೆಕ್ಷನ್ ಇಲ್ದೆ 330 ಅಂದ್ರೆ ಗಾಡಿ ಟ್ಯೂನ್ ಆಗಿದ್ಯಾ, ಇಲ್ಲಾ ಸ್ಟಾಕೇನಾ? 339ರ ಪಕ್ಕ ಇಟ್ಟು ನೋಡ್ಬೇಕಾಗಿರೋದು 330ನಾ, 396ನಾ?