ಕ್ವಾಂಟಮ್ ವೆಲ್ ವರ್ಧಕದಲ್ಲಿ ಬೆಳಕು ತಡವಾಗುವ ಬದಲು ಬೇಗ ಬರುತ್ತಿದೆ

ಪ್ರಶ್ನೆ:
ನಮಸ್ಕಾರ. 1550 ನ್ಯಾನೋಮೀಟರ್ ತರಂಗಾಂತರಕ್ಕೆ ತಯಾರಾದ, 1 ಮಿಲಿಮೀಟರ್ ಉದ್ದದ ಕ್ವಾಂಟಮ್ ವೆಲ್ (ಅತಿ ತೆಳು ಪದರಗಳ) ಅರೆವಾಹಕ ವರ್ಧಕದಲ್ಲಿ, ಅಂದರೆ ಕರೆಂಟ್ ಕೊಟ್ಟರೆ ಬೆಳಕನ್ನು ಹೆಚ್ಚಿಸುವ ಸಾಧನದಲ್ಲಿ, ಬೆಳಕನ್ನು ನಿಧಾನಗೊಳಿಸಲು ಯತ್ನಿಸುತ್ತಿದ್ದೇನೆ. ಲೇಸರ್‌ನ ತೀವ್ರತೆಯನ್ನು 1 ಗಿಗಾಹರ್ಟ್ಸ್ ಆವರ್ತನದಲ್ಲಿ ಏರಿಳಿಸಿ, ಹೊರಬಂದ ಸಂಕೇತದ ಫೇಸನ್ನು (ಏರಿಳಿತದ ಅಲೆ ಎಷ್ಟು ಹಿಂದೆ ಅಥವಾ ಮುಂದೆ ಸರಿದಿದೆ ಎಂಬುದನ್ನು) ನೆಟ್‌ವರ್ಕ್ ಅನಲೈಸರ್‌ನಲ್ಲಿ ಅಳೆಯುತ್ತೇನೆ. ಕರೆಂಟನ್ನು 60ರಿಂದ 150 ಮಿಲಿಆಂಪಿಯರ್‌ಗೆ ಏರಿಸಿದರೆ ಸಂಕೇತವು 10 ಡಿಗ್ರಿ, ಅಂದರೆ ಸುಮಾರು 28 ಪಿಕೋಸೆಕೆಂಡ್, ಮುಂಚಿತವಾಗಿ ಬರುತ್ತದೆ. 10 ಗಿಗಾಹರ್ಟ್ಸ್‌ನಲ್ಲಿ ಬದಲಾವಣೆಯೇ ಕಾಣುವುದಿಲ್ಲ. 2004ರಲ್ಲಿ ಬರ್ಕ್ಲಿಯ ಸಂಶೋಧಕರು ಕ್ವಾಂಟಮ್ ವೆಲ್‌ಗಳಲ್ಲಿ ಬೆಳಕಿನ ಸಮೂಹ ವೇಗವನ್ನು (ಬೆಳಕಿನ ಏರಿಳಿತ ಸಾಗುವ ವೇಗವನ್ನು) ಸೆಕೆಂಡಿಗೆ 9600 ಮೀಟರಿಗೆ ಇಳಿಸಿದ್ದನ್ನು ಓದಿ ಈ ಕೆಲಸಕ್ಕೆ ಕೈಹಾಕಿದೆ. ಕೇಬಲ್ ಬದಲಿಸಿದರೂ ಫಲಿತಾಂಶ ಅದೇ. ತಪ್ಪು ಎಲ್ಲಿದೆ?

ಉತ್ತರ:
ನಿಮ್ಮ ಅಳತೆ ಸರಿಯಾಗಿಯೇ ಇದೆ. ನೀವು ನಿಂತಿರುವ ಬದಿ ಮಾತ್ರ ಬೇರೆ. ಬರ್ಕ್ಲಿಯ ಪ್ರಯೋಗದಲ್ಲಿ 10 ಕೆಲ್ವಿನ್‌ಗೆ ತಣಿಸಿದ ವೆಲ್‌ಗಳು ಬೆಳಕನ್ನು ಹೀರುತ್ತಿದ್ದವು, ನಿಮ್ಮವು ವರ್ಧಿಸುತ್ತಿವೆ. ಹೀರುವ ವೆಲ್‌ನಲ್ಲಿ ಬೆಳಕಿನ ಅಲೆಯ ಮುಂಭಾಗವೇ ಹೆಚ್ಚು ನಷ್ಟವಾಗಿ, ಅಷ್ಟರಲ್ಲಿ ವಾಹಕಗಳು (ಎಲೆಕ್ಟ್ರಾನ್ ಮತ್ತು ಹೋಲ್‌ಗಳು) ತುಂಬಿಕೊಳ್ಳುವುದರಿಂದ ಹಿಂಭಾಗವು ಸುಲಭವಾಗಿ ದಾಟುತ್ತದೆ. ಹಾಗಾಗಿ ಅಲೆಯ ಶಿಖರ ಹಿಂದಕ್ಕೆ ಸರಿಯುತ್ತದೆ. ವರ್ಧಿಸುವಾಗ ಮುಂಭಾಗವು ವಾಹಕಗಳನ್ನು ಬಳಸಿಕೊಂಡು ಬೆಳೆಯುತ್ತದೆ, ಹಿಂಭಾಗಕ್ಕೆ ಉಳಿಯುವುದು ಕಡಿಮೆ. ಶಿಖರ ಮುಂದಕ್ಕೆ ಜರುಗುತ್ತದೆ. ಇನ್ನು 10 ಗಿಗಾಹರ್ಟ್ಸ್‌ನ ವಿಚಾರ: ವಾಹಕಗಳ ಆಯುಷ್ಯ ನೂರಾರು ಪಿಕೋಸೆಕೆಂಡ್ ಇರುವಾಗ ಅಷ್ಟು ಬೇಗದ ಏರಿಳಿತವನ್ನು ಅವು ಅನುಸರಿಸಲಾರವು.

ಮೊದಲು ಪಾರದರ್ಶಕತೆಯ ಕರೆಂಟನ್ನು, ಅಂದರೆ ವೆಲ್‌ಗಳು ಬೆಳಕನ್ನು ಹೀರದ, ವರ್ಧಿಸದ ಕರೆಂಟನ್ನು, ಕಂಡುಹಿಡಿಯಿರಿ. ಬೆಳಕನ್ನು ಚಾಪರ್‌ನಿಂದ ತಡೆದು ಬಿಡುತ್ತಾ ವರ್ಧಕದ ಡಯೋಡಿನ ವೋಲ್ಟೇಜನ್ನು ಗಮನಿಸಿ: ಹೀರುವಾಗ ಬೆಳಕು ಬಿದ್ದೊಡನೆ ವೋಲ್ಟೇಜ್ ಏರುತ್ತದೆ, ವರ್ಧಿಸುವಾಗ ಇಳಿಯುತ್ತದೆ, ನಡುವೆ ಅದು ಸುಮ್ಮನಿರುವ ಬಿಂದುವೇ ನಮಗೆ ಬೇಕಾದದ್ದು. ಫೈಬರ್ ಜೋಡಣೆಯ ನಷ್ಟ ಎಷ್ಟೆಂದು ತಿಳಿಯದಿದ್ದರೂ ಈ ವಿಧಾನ ನಡೆಯುವುದರಿಂದ ನನಗೆ ಇದೇ ಅಚ್ಚುಮೆಚ್ಚು. ಆ ಬಿಂದುವಿನ ಕೆಳಗೆ ಅಳೆಯಿರಿ.

ಪ್ರಶ್ನೆ:
ತುಂಬಾ ಧನ್ಯವಾದಗಳು. ಆ ಬಿಂದು ಸುಮಾರು 25 ಮಿಲಿಆಂಪಿಯರ್‌ನಲ್ಲಿ ಸಿಕ್ಕಿತು, ಅದರ ಕೆಳಗೆ ವಿಳಂಬವೂ ಕಂಡಿತು. ಆದರೆ ಸಂಕೇತ ತೀರಾ ಕ್ಷೀಣಿಸಿದ್ದರಿಂದ ಫೋಟೋಡಯೋಡಿನ ಮೊದಲು ಎರ್ಬಿಯಮ್ ಫೈಬರ್ ವರ್ಧಕ ಹಾಕಿದ್ದೇನೆ. ಅದೂ ಫೇಸನ್ನು ಕದಲಿಸುತ್ತದೆಯೇ?

ಉತ್ತರ:
ಎರ್ಬಿಯಮ್ ಅಯಾನುಗಳ ಆಯುಷ್ಯ ಸುಮಾರು 10 ಮಿಲಿಸೆಕೆಂಡ್ ಆದ್ದರಿಂದ ಗಿಗಾಹರ್ಟ್ಸ್ ಏರಿಳಿತ ಅವುಗಳ ಗಮನಕ್ಕೇ ಬಾರದು. ಅದರ ಫೈಬರ್ ಉದ್ದದಿಂದಾಗುವ ವಿಳಂಬ ಸ್ಥಿರವಾದದ್ದು, ಅದನ್ನು ಕಳೆದುಬಿಡಬಹುದು. ನಿಜವಾದ ಅಪಾಯ ಫೋಟೋಡಯೋಡಿನಲ್ಲಿದೆ: ಅದರ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆಯಾದರೆ ಫೇಸ್ ತಾನಾಗಿಯೇ ಸರಿಯಬಹುದು. ಅಟೆನ್ಯುಯೇಟರ್ (ಬೆಳಕನ್ನು ತಗ್ಗಿಸುವ ಸಾಧನ) ಹಾಕಿ ಅಲ್ಲಿ ಬೀಳುವ ಶಕ್ತಿಯನ್ನು ಪ್ರತಿ ಅಳತೆಯಲ್ಲೂ ಒಂದೇ ಮಟ್ಟದಲ್ಲಿಡಿ. ಕ್ವಾಂಟಮ್ ವೆಲ್ ವರ್ಧಕಕ್ಕೆ ಅತಿ ಮಂದ ಬೆಳಕು ಕಳುಹಿಸಿದಾಗ ಬರುವ ಫೇಸನ್ನೇ ಸೊನ್ನೆಯೆಂದು ಹಿಡಿಯಿರಿ, ಏಕೆಂದರೆ ಆಗ ವಾಹಕಗಳ ಏರಿಳಿತ ನಗಣ್ಯವಾಗಿರುತ್ತದೆ.

ಇನ್ನೂ ಹೆಚ್ಚಿನ ಆವರ್ತನ ಬೇಕಿದ್ದರೆ ಅಲ್ಪ ಪ್ರಮಾಣದ ರಿವರ್ಸ್ ವೋಲ್ಟೇಜ್ ಕೊಟ್ಟು ನೋಡಿ. ವಾಹಕಗಳು ಬೇಗ ಹೊರಹೋಗುವುದರಿಂದ ಬ್ಯಾಂಡ್‌ವಿಡ್ತ್ (ಪರಿಣಾಮ ಕಾಣುವ ಆವರ್ತನಗಳ ವ್ಯಾಪ್ತಿ) ಹಿಗ್ಗುತ್ತದೆ, ಆದರೆ ವಿಳಂಬ ಕುಗ್ಗುತ್ತದೆ.