ವಿದೇಶಿ 'ಗೆಳತಿ'ಗೆ ಅಪ್ಪ ಹಣ ಕಳುಹಿಸುತ್ತಿದ್ದಾರೆ, ತಡೆಯುವುದು ಹೇಗೆ?

ಪ್ರಶ್ನೆ (ಶಿರಸಿ ಮೂಲ, ಈಗ ಬೆಂಗಳೂರು):
ಆಯಿ ತೀರಿಕೊಂಡ ನಂತರ, ಎಪ್ಪತ್ತು ದಾಟಿದ ಅಪ್ಪ ಶಿರಸಿಯ ಹತ್ತಿರದ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಫೇಸ್‌ಬುಕ್‌ನಲ್ಲಿ ಪರಿಚಯವಾದ, ತಾನು ಲಂಡನ್ನಿನಲ್ಲಿ ವೈದ್ಯೆ ಎಂದು ಹೇಳಿಕೊಳ್ಳುವ ಮಹಿಳೆಯೊಂದಿಗೆ ಅವರು ದಿನವೂ ವಾಟ್ಸಾಪ್‌ನಲ್ಲಿ ಮಾತನಾಡುತ್ತಾರೆ. ಆಕೆ ಕಳುಹಿಸಿದ ಉಡುಗೊರೆ ದೆಹಲಿಯ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ ಎಂದು ಇನ್ಯಾರೋ ಕರೆ ಮಾಡಿದ್ದರಿಂದ, ಸೊಸೈಟಿಯಲ್ಲಿದ್ದ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿ ಹಣ ಕಳುಹಿಸಿದ್ದಾರೆ. ಇದು ಮೋಸ ಎಂದರೆ, 'ನಿಮಗೆಲ್ಲ ತೋಟದ ಮೇಲೆ ಕಣ್ಣು' ಎಂದು ಸಿಟ್ಟಾಗುತ್ತಾರೆ. ಅವರ ಫೋನನ್ನು ತೆಗೆದಿಟ್ಟುಕೊಳ್ಳಬಹುದೇ? ಖಾತೆಯನ್ನು ತಡೆಹಿಡಿಯುವಂತೆ ಬ್ಯಾಂಕಿಗೆ ನಾವೇ ಹೇಳಬಹುದೇ?

ಉತ್ತರ 1 (ಕಾರವಾರ, ನಿವೃತ್ತ ಬ್ಯಾಂಕ್ ನೌಕರ):
ತಂಗಿ, ಖಾತೆ ಅಪ್ಪನವರ ಹೆಸರಿನಲ್ಲಿರುವವರೆಗೆ ಮಕ್ಕಳ ಮಾತಿನ ಮೇಲೆ ಬ್ಯಾಂಕು ಅದನ್ನು ತಡೆಹಿಡಿಯುವುದಿಲ್ಲ, ಹಾಗೆ ಮಾಡಲೂಬಾರದು. ಆದರೆ ಅವರೇ ಒಪ್ಪಿದರೆ ಆನ್‌ಲೈನ್ ವರ್ಗಾವಣೆಯ ಮಿತಿಯನ್ನು ಕೆಲವೇ ಸಾವಿರಕ್ಕೆ ಇಳಿಸಬಹುದು; ಉಳಿದ ಠೇವಣಿಗಳನ್ನು, ಇಬ್ಬರೂ ಸಹಿ ಮಾಡಿದರೆ ಮಾತ್ರ ಹಣ ಸಿಗುವಂತೆ, ಜಂಟಿ ಹೆಸರಿಗೆ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ಸೊಸೈಟಿಯಲ್ಲಿ ವಿಚಾರಿಸಬಹುದು.

ಅದಕ್ಕಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ. ಹಣ ಕಳುಹಿಸಿದ ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ (ಪ್ರತಿ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ಹಣ ಹೋದ ಖಾತೆಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಅದನ್ನು ತಡೆಹಿಡಿಯುವ ವ್ಯವಸ್ಥೆ ಅಲ್ಲಿದೆ. ಆದರೆ ಇಂಥ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಗಂಟೆಗಳಲ್ಲಿ ದಾಟಿಬಿಡುವುದರಿಂದ, ಅಪ್ಪನವರ ಮನಸ್ಸು ಪೂರ್ತಿ ತಿಳಿಯಾಗಲಿ ಎಂದು ಕಾಯುತ್ತ ಕೂರಬೇಡಿ. ಖಾತೆದಾರರಿಗೆ ಗೊತ್ತಿಲ್ಲದೆ ನಡೆದ ವಹಿವಾಟುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು ನೀಡುವ ರಕ್ಷಣೆ, ತಾವೇ ನಂಬಿ ಕಳುಹಿಸಿದ ಹಣಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ವಾಟ್ಸಾಪ್ ಸಂಭಾಷಣೆಯನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ ಮೇಲೆ ಬ್ಲಾಕ್ ಮಾಡಿ.

ಉತ್ತರ 2 (ಕುಮಟಾ):
ಅಕ್ಕ, ಫೋನ್ ಕಸಿದುಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ. 'ನಿನ್ನ ಮಕ್ಕಳು ನಮ್ಮನ್ನು ದೂರ ಮಾಡುತ್ತಾರೆ' ಎಂದು ಆಕೆ ಈಗಾಗಲೇ ಹೇಳಿಟ್ಟಿರುತ್ತಾಳೆ. ನೀವು ಕಸಿದುಕೊಂಡರೆ ಅವಳ ಮಾತೇ ನಿಜವಾದಂತಾಗುತ್ತದೆ. ನಮ್ಮ ಸೋದರತ್ತೆಯೂ ಹಡಗಿನ ಕ್ಯಾಪ್ಟನ್ ಎಂದು ಹೇಳಿಕೊಂಡವನನ್ನು ಹೀಗೆಯೇ ನಂಬಿದ್ದರು. ಆತ ಒಳ್ಳೆಯವನೋ ಕೆಟ್ಟವನೋ ಎಂಬ ವಾದಕ್ಕೆ ಹೋಗದೆ, ಪಾಸ್‌ಬುಕ್ ಮುಂದಿಟ್ಟುಕೊಂಡು, ಹಣ ಯಾರ ಹೆಸರಿಗೆ ಹೋಗಿದೆ ಎಂದಷ್ಟೇ ಕೇಳಿದೆವು. ಕಸ್ಟಮ್ಸ್ ಸುಂಕ ಸೇರಬೇಕಾದದ್ದು ಸರ್ಕಾರಕ್ಕೆ. ಯಾವುದೋ ಊರಿನ, ಯಾರದೋ ಉಳಿತಾಯ ಖಾತೆಗೆ ಅಲ್ಲ. ಅದು ಅವರಿಗೆ ತಾನಾಗಿಯೇ ಹೊಳೆಯಿತು. ವಿಡಿಯೋ ಕರೆಯಲ್ಲಿ ಮುಖ ಕಂಡಿತೆಂಬುದನ್ನು ಸಾಕ್ಷಿಯೆಂದು ಎಣಿಸಬೇಡಿ, ಈಗ ಅದನ್ನೂ ನಕಲು ಮಾಡುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರಸೀದಿ ತೋರಿಸಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ 1930ಕ್ಕೆ ತಾವೇ ಮಾತನಾಡಿದರು. ಆದರೆ ಊರಿನವರಿಗೆ ತಿಳಿದರೆ ಮರ್ಯಾದೆ ಹೋಗುತ್ತದೆಂದು ಠಾಣೆಗೆ ಬರಲು ಒಪ್ಪುತ್ತಿಲ್ಲ.

ಉತ್ತರ 1:
ಮೊದಲ ದೂರಿಗಾಗಿ ಅವರನ್ನು ಘಟ್ಟ ಇಳಿಸಿ ಕಾರವಾರದ ಸೈಬರ್ ಠಾಣೆಗೆ ಕರೆತರಬೇಕಾಗಿಲ್ಲ, ಜಾಲತಾಣದ ಕೆಲಸ ಮನೆಯಿಂದಲೇ ಆಗುತ್ತದೆ. ಮುಂದೆ ಹೇಳಿಕೆಗೆ ಕರೆದರೆ ನೀವು ಜೊತೆಗೆ ಹೋಗಿ. ಒಂದು ಎಚ್ಚರಿಕೆ: ಕಳೆದುಕೊಂಡ ಹಣವನ್ನು ವಾಪಸ್ ಕೊಡಿಸುತ್ತೇವೆಂದು ವಕೀಲರ ಅಥವಾ ಪೊಲೀಸರ ಹೆಸರಿನಲ್ಲಿ ಕರೆ ಬಂದು, ಅದಕ್ಕೆ ಶುಲ್ಕ ಕೇಳಿದರೆ, ಕರೆ ಮಾಡಿದವರು ಅದೇ ಗುಂಪಿನವರು ಎಂದೇ ತಿಳಿಯಿರಿ. ಒಮ್ಮೆ ಹಣ ಕೊಟ್ಟವರ ಫೋನ್ ಸಂಖ್ಯೆ ಇಂಥವರ ನಡುವೆ ಕೈ ಬದಲಾಗುತ್ತಲೇ ಇರುತ್ತದೆ. ಸಾಧ್ಯವಾದರೆ ಅಪ್ಪನವರಿಗೆ ಹೊಸ ಸಿಮ್ ಕೊಡಿಸಿ, ಬ್ಯಾಂಕಿನಲ್ಲಿಯೂ ಅದನ್ನೇ ನೋಂದಾಯಿಸಿ.