ಬಾಲ ಆಡಿಸುತ್ತಲೇ ಕಚ್ಚುತ್ತಾಳೆ, ಇದು ಯಾವ ಲೆಕ್ಕ?

ಹೊಸಬೆಕ್ಕು:
ಬೆಕ್ಕು ತಂದು 4 ತಿಂಗಳಾಯಿತು. ಮೊದಲು ನಾಯಿ ಸಾಕಿದ್ದೆ, ಹಾಗಾಗಿ ಬಾಲ ಆಡಿದರೆ ಖುಷಿ ಅಂತಲೇ ನನ್ನ ತಲೆಯಲ್ಲಿ ಕೂತಿದೆ. ಇವಳು ತಾನಾಗಿಯೇ ಬಂದು ತೊಡೆ ಮೇಲೆ ಮಲಗುತ್ತಾಳೆ, ಬೆನ್ನು ಸವರಿದರೆ ಗುರ್ ಗುರ್ ಅನ್ನುತ್ತಾಳೆ, ಸ್ವಲ್ಪ ಹೊತ್ತಿಗೆ ಬಾಲ ಅತ್ತಿತ್ತ ಆಡುತ್ತದೆ, ಖುಷಿಯಾಗಿದೆ ಅಂತ ನಾನು ಇನ್ನೂ ಸವರುತ್ತೇನೆ, ಕಚಕ್ ಅಂತ ಕಚ್ಚುತ್ತಾಳೆ. ನಿನ್ನೆ ರಕ್ತವೇ ಬಂತು. ಏನೂ ಸುಳಿವು ಕೊಡದೆ ಹೀಗೆ ಮಾಡಿದರೆ ಹೇಗೆ?

ಮೂರುಬಾಲ:
ಸುಳಿವು ಕೊಟ್ಟಿದ್ದಾಳೆ ಕಣ್ರೀ, ನೀವು ಅದನ್ನ ನಾಯಿ ಭಾಷೆಯಲ್ಲಿ ಓದಿದ್ದೀರಿ. ಬೆಕ್ಕಿನ ಬಾಲ ಪಟಪಟ ಬಡಿದರೆ "ಸಾಕು ಬಿಡು" ಅಂತ. ಮೊದಲು ತುದಿ ಮಾತ್ರ ಒಂದೆರಡು ಸಲ ಮಿಡಿಯುತ್ತದೆ, ಆಮೇಲೆ ಅರ್ಧ ಬಾಲ, ಆಮೇಲೆ ಇಡೀ ಬಾಲ ನಿಮ್ಮ ತೊಡೆಗೆ ಬಡಿಯುತ್ತದೆ. ಅಷ್ಟರಲ್ಲಿ ಕಿವಿ ಪಕ್ಕಕ್ಕೆ ತಿರುಗಿರುತ್ತದೆ, ಬೆನ್ನಿನ ಚರ್ಮ ಅಲೆಅಲೆಯಾಗಿ ಜುಂ ಅನ್ನುತ್ತಿರುತ್ತದೆ. ತುದಿ ಮಿಡಿದಾಗಲೇ ಕೈ ತೆಗೆಯಿರಿ. ಸವರುವುದಾದರೆ ಕೆನ್ನೆ, ಗಲ್ಲ. ಬಾಲದ ಬುಡ ತುಂಬಾ ಬೆಕ್ಕುಗಳಿಗೆ ಆಗಿಬರುವುದಿಲ್ಲ. ಕಿಟಕಿ ಹತ್ತಿರ ಕೂತು ಹಕ್ಕಿ ನೋಡುವಾಗಲೂ ತುದಿ ಮಿಡಿಯುತ್ತದೆ, ಅದು ಸಿಟ್ಟಲ್ಲ, ಬೇಟೆಯ ಗಮನ.

ಬಾಟಲಿಬ್ರಶ್:
ಮೊದಲು ಕೈ ನೋಡಿಕೊಳ್ಳಿ. ಬೆಕ್ಕಿನ ಹಲ್ಲು ಸಣ್ಣ, ಆದರೆ ಆಳಕ್ಕೆ ಇಳಿಯುತ್ತದೆ, ಮೇಲೆ ಚುಕ್ಕೆಯಷ್ಟೇ ಕಂಡರೂ ಒಳಗೆ ಕೀವಾಗಬಹುದು. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಇವತ್ತೇ ಡಾಕ್ಟರಿಗೆ ತೋರಿಸಿ, ರೇಬಿಸ್ ಲಸಿಕೆ ಬೇಕೋ ಅಂತಲೂ ಕೇಳಿ.

ಇನ್ನು ಬಾಲ. ನೆಟ್ಟಗೆ ಎತ್ತಿ, ತುದಿ ಮಾತ್ರ ಕೊಕ್ಕೆ ಥರ ಬಾಗಿಸಿ ಬಂದರೆ ಅದೇ ನಮಸ್ಕಾರ. ಮರಿಗಳು ತಾಯಿ ಬಂದಾಗ ಹೀಗೆ ಬಾಲ ಎತ್ತಿಕೊಂಡು ಓಡುತ್ತವೆ, ದೊಡ್ಡವಾದ ಮೇಲೆ ಅದೇ ಮರ್ಯಾದೆ ನಮಗೆ! ಕೂದಲು ನಿಗುರಿ ಬಾಲ ದಪ್ಪ ಆದರೆ ಹೆದರಿದೆ ಅಂತ, ಸುಮ್ನೆ ಬಿಡಿ, ಎತ್ತಿಕೊಳ್ಳೋಕೆ ಹೋಗಬೇಡಿ. ಬಾಲ ಜೋತುಬಿದ್ದು ಎತ್ತೋಕೇ ಆಗದಿದ್ದರೆ ಮಾತ್ರ ಅದು ಭಾಷೆಯಲ್ಲ, ಪೆಟ್ಟು. ಬುಡದ ನರಕ್ಕೆ ಏಟಾದರೆ ಮೂತ್ರ ಕಟ್ಟಿಕೊಳ್ಳಬಹುದು, ತಡ ಮಾಡಬಾರದು.

ಹೊಸಬೆಕ್ಕು:
ಡಾಕ್ಟರ ಹತ್ತಿರ ಹೋಗಿ ಬಂದೆ. ಸಂಜೆ ಬರೀ ಬಾಲದ ತುದಿಯನ್ನೇ ನೋಡುತ್ತಾ ಸವರಿದೆ. ಒಂದು ಸಲ ಟಕ್ ಅಂತ ಮಿಡಿಯಿತು, ಕೈ ತೆಗೆದೆ. ಎದ್ದು ಹೋಗಲಿಲ್ಲ! ನಾನು ಸವರಿದ ಜಾಗವನ್ನ ನೆಕ್ಕಿ ಸರಿಮಾಡಿಕೊಂಡು ಅಲ್ಲೇ ಮಲಗಿದಳು. ಇನ್ನೊಂದು ಕೇಳಬೇಕಿತ್ತು. ಬಾಲ ನೆಟ್ಟಗೆತ್ತಿ ಗಡಗಡ ನಡುಗಿಸುತ್ತಾಳೆ, ಅದು ಜಾಸ್ತಿ ಖುಷಿ ಅಲ್ವಾ?

ಮೂರುಬಾಲ:
ನಿಮ್ಮ ಮುಖ ನೋಡುತ್ತಾ ನಡುಗಿಸಿದರೆ ಖುಷಿ. ಹಿಂಭಾಗ ಪರದೆ ಕಡೆಗೋ ಗೋಡೆ ಕಡೆಗೋ ಮಾಡಿ ನಡುಗಿಸಿದರೆ ಮೂತ್ರ ಸಿಂಪಡಿಸಿ ಗುರುತು ಹಾಕುತ್ತಿದ್ದಾಳೆ. ಹೆಣ್ಣು ಬೆಕ್ಕೂ ಮಾಡುತ್ತವೆ, ಮರಿ ಆಗದಂತೆ ಮಾಡುವ ಆಪರೇಷನ್ ಆದರೆ ಸಾಮಾನ್ಯವಾಗಿ ಕಮ್ಮಿಯಾಗುತ್ತದೆ. ಯಾವ ಕಡೆ ತಿರುಗಿದ್ದಳು?

ಹೊಸಬೆಕ್ಕು:
ಪರದೆ ಮೂಸಿ ಬರುತ್ತೇನೆ, ಇರಿ.